ಬಾಯಾರದವರ ನೀರು

ನನಗೆ ಬಾಯಾರಿಕೆ ಆಗುವುದು ಬಲು ಅಪರೂಪ. ಮೇ ತಿಂಗಳ ಮಧ್ಯಾಹ್ನ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾದು, ಬೆವರಲ್ಲಿ ಮಿಂದು ಮನೆಗೆ ಬಂದರೂ ಮೊದಲು ಕೈ ಹೋಗುವುದು ಫ್ಯಾನಿನ ಸ್ವಿಚ್ಚಿಗೆ. ನೀರು ನೆನಪಾಗುವುದಿಲ್ಲ. ಜೊತೆಗಿದ್ದವರು ಬಾಟಲಿ ಎತ್ತಿ ಗಟಗಟ ಕುಡಿಯುತ್ತಾರೆ. ಅವರಿಗೆ ಆಗುವುದು ನನಗೆ ಯಾಕೆ ಆಗುವುದಿಲ್ಲ ಅಂತ ಸಣ್ಣವಳಿದ್ದಾಗಿಂದ ಯೋಚಿಸಿದ್ದುಂಟು. ನನ್ನ ಹಾಗಿನವರು ತುಂಬ ಜನ ಇದ್ದಾರೆ. ಸಂಜೆ ತಲೆ ಭಾರವಾದಾಗ, ಮೂತ್ರ ಉರಿಯುವಾಗ, ಬೆಳಿಗ್ಗೆಯಿಂದ ಎರಡು ಚಾ ಬಿಟ್ಟರೆ ಏನೂ ಕುಡಿದಿಲ್ಲ ಅಂತ ಆಗ ಹೊಳೆಯುವವರು. ಈ ಬರಹ ಅವರಿಗೆ. ಅವರಿಗಿಂತ ಜಾಸ್ತಿ, ಅವರ ಜೊತೆ ಒಂದೇ ಮನೆಯಲ್ಲಿ ಇರುವವರಿಗೆ.

ಆರೋಗ್ಯವಾಗಿರುವ ಹೆಚ್ಚಿನವರು ಬಾಯಾರಿದಾಗ ಕುಡಿದರೆ ಸಾಕು. ಲೆಕ್ಕ ಇಡಬೇಕಾಗಿಲ್ಲ. ದೇಹ ಈ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುತ್ತದೆ. ನೀರು ಕಡಿಮೆಯಾದಾಗ ರಕ್ತದಲ್ಲಿ ಉಪ್ಪಿನ ಅಂಶ ದಟ್ಟವಾಗುತ್ತದೆ. ಬರೇ 1ರಿಂದ 2% ದಟ್ಟವಾದರೂ ಮಿದುಳಿನ ಹೈಪೊಥಲಾಮಸ್‌ಗೆ ಗೊತ್ತಾಗುತ್ತದೆ. ಆಗ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಕಿಡ್ನಿಗಳು ನೀರನ್ನು ಹಿಡಿದಿಟ್ಟುಕೊಂಡು ಮೂತ್ರವನ್ನು ಗಟ್ಟಿ ಮಾಡುತ್ತವೆ. ಬಾಯಾರಿಕೆ ಹುಟ್ಟುವುದು ಅದರ ನಂತರ. ಮೊದಲು ಕಿಡ್ನಿಗೆ ಸುದ್ದಿ, ಆಮೇಲೆ ಬಾಯಿಗೆ. ಹಾಗಾಗಿ ‘ನನಗೆ ಬಾಯಾರಿಲ್ಲ’ ಅನ್ನುವ ಮಧ್ಯಾಹ್ನಗಳಲ್ಲೂ ಕಿಡ್ನಿ ಆಗಲೇ ಉಳಿತಾಯಕ್ಕೆ ಇಳಿದಿರಬಹುದು. ಮೂತ್ರದ ಬಣ್ಣ ಅದನ್ನು ಹೇಳುತ್ತದೆ, ಬಾಯಿ ಹೇಳುವುದಿಲ್ಲ.

ಇನ್ನೊಂದು ಸಂಗತಿ ಉಂಟು. ಕುಡಿದ ನೀರು ಹೊಟ್ಟೆಯಿಂದ ಕರುಳಿಗೆ ಇಳಿದು ರಕ್ತಕ್ಕೆ ಸೇರಲು ಹತ್ತಿಪ್ಪತ್ತು ನಿಮಿಷ ಬೇಕು. ಬಾಯಾರಿಕೆ ಅಷ್ಟು ಹೊತ್ತು ಕಾಯುವುದಿಲ್ಲ. ನಾಲಿಗೆ, ಗಂಟಲು ಒದ್ದೆಯಾಗಿ ನಾಲ್ಕು ಗುಟುಕು ಇಳಿದ ಕೂಡಲೇ ಸಾಕು ಅನಿಸುತ್ತದೆ. ಜೋರು ಬಾಯಾರಿಕೆಯವರು ಆ ಹೊತ್ತಿಗೆ ಒಂದು ಚೆಂಬು ಮುಗಿಸಿರುತ್ತಾರೆ. ನಮ್ಮಂಥವರು ಎರಡು ಗುಟುಕಿಗೇ ಲೋಟ ಕೆಳಗಿಡುತ್ತೇವೆ. ಮಾತ್ರೆ ನುಂಗಲು ಕುಡಿದಷ್ಟೇ ನೀರು ದಿನವಿಡೀ.

ವಯಸ್ಸಾದಂತೆ ಇದು ಹೆಚ್ಚುತ್ತದೆ. 1984ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ಒಂದು ಸರಳ ಪರೀಕ್ಷೆ ಮಾಡಿದ್ದರು. ಆರೋಗ್ಯವಂತ ಗಂಡಸರ ಎರಡು ಗುಂಪು: ಒಂದರಲ್ಲಿ 20ರಿಂದ 31 ವರ್ಷದವರು, ಇನ್ನೊಂದರಲ್ಲಿ 67ರಿಂದ 75ರವರು. ಎಲ್ಲರಿಗೂ 24 ಗಂಟೆ ನೀರು ಕೊಡಲಿಲ್ಲ. ಕೊನೆಗೆ ರಕ್ತ ನೋಡಿದರೆ ಹಿರಿಯರಲ್ಲೇ ಸೋಡಿಯಂ ಹೆಚ್ಚು ಏರಿತ್ತು. ಆದರೂ ಬಾಯಿ ಒಣಗಿದೆ, ನೀರು ಬೇಕು ಅಂದವರು ಕಿರಿಯರು. ಎದುರಿಗೆ ನೀರು ಇಟ್ಟಾಗಲೂ ಹಿರಿಯರು ಕುಡಿದದ್ದು ಕಡಿಮೆ. ಅವರು ಕಾಯಿಲೆಯವರಲ್ಲ, ಗಟ್ಟಿಮುಟ್ಟಾಗಿದ್ದವರು. ಇದರ ಜೊತೆಗೆ, ವಯಸ್ಸಾದ ಕಿಡ್ನಿಗೆ ಮೂತ್ರ ಗಟ್ಟಿ ಮಾಡಿ ನೀರು ಉಳಿಸುವ ಶಕ್ತಿಯೂ ಇಳಿಯುತ್ತದೆ. ಹರೆಯದಲ್ಲಿ ದೇಹದ ತೂಕದ ಸುಮಾರು 60% ನೀರೇ ಆಗಿದ್ದರೆ, ಮುಪ್ಪಿನಲ್ಲಿ ಅದು 50%ರ ಹತ್ತಿರ ಬಂದಿರುತ್ತದೆ. ಇರುವುದೇ ಕಡಿಮೆ, ಸೋರುವುದು ಜಾಸ್ತಿ, ಬೇಕು ಅಂತ ಅನಿಸುವುದೂ ಇಲ್ಲ.

ಇದೆಲ್ಲ ನಮ್ಮ ಮನೆಯಲ್ಲಿ ಅತ್ತೆಯ ಮೂಲಕ ಕಣ್ಣೆದುರು ಕಂಡಿತು. ಅತ್ತೆ ಎಂಬತ್ತರ ಹತ್ತಿರದವರು. ಒಂದು ಏಪ್ರಿಲ್‌ನಲ್ಲಿ ಎರಡು ದಿನ ಮಂಕಾಗಿದ್ದರು. ಮೂರನೇ ದಿನ ಬೆಳಿಗ್ಗೆ ನನ್ನನ್ನು ತೀರಿಹೋದ ತಂಗಿಯ ಹೆಸರಲ್ಲಿ ಕರೆದರು. ಮಂಚದಿಂದ ಎದ್ದು ನಿಂತರೆ ತಲೆ ತಿರುಗುತ್ತದೆ ಅಂದರು. ನಾಲಿಗೆ ನೋಡಿದೆ. ಒಣಗಿ, ನಡುವೆ ಗೆರೆ ಬಿದ್ದಿತ್ತು. ಮರೆವಿನ ಕಾಯಿಲೆ ಶುರುವಾಯಿತು ಅಂತ ಮನೆಯಲ್ಲಿ ಎಲ್ಲರೂ ಹೆದರಿದರು. ಮಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ದೇಹದಲ್ಲಿ ನೀರು ಕಡಿಮೆಯಾಗಿತ್ತು, ಮೂತ್ರದಲ್ಲಿ ಸೋಂಕು ಇತ್ತು. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿಯೂ ಸೇರಿತ್ತು. ಡ್ರಿಪ್ ಹಾಕಿ, ಸೋಂಕಿಗೆ ಔಷಧಿ ಕೊಟ್ಟ ಮೇಲೆ ಎರಡನೇ ದಿನ ಅತ್ತೆ ಕಣ್ಣರಳಿಸಿ ನನ್ನ ಹೆಸರು ಸರಿಯಾಗಿ ಹೇಳಿದರು. ಹಟ್ಟಿಯ ದನಕ್ಕೆ ಹುಲ್ಲು ಹಾಕಿದವರು ಯಾರು ಅಂತ ಕೇಳಿದರು.

ಡಾಕ್ಟರು ಕೇಳಿದ ಪ್ರಶ್ನೆ ಒಂದೇ. ‘ಅಮ್ಮಾ, ದಿನಕ್ಕೆ ಎಷ್ಟು ನೀರು ಕುಡೀತೀರಿ?’ ಅತ್ತೆ ನನ್ನ ಕಡೆ ತಿರುಗಿ ಮನೆಮಾತಿನಲ್ಲಿ ಹೇಳಿದರು, ‘ಎನಗೆ ಆಸರೇ ಆವ್ತಿಲ್ಲೆ ಕೂಸೆ, ಸುಮ್ಮನೆ ಎಂತಕೆ ಕುಡಿವದು?’

ಅದರಲ್ಲಿ ಹಟ ಇರಲಿಲ್ಲ. ಆಸರು ಅಂದರೆ ಬಾಯಾರಿಕೆ. ಅದು ಆಗದವರು ಕುಡಿಯುವುದಾದರೂ ಯಾಕೆ ಅಲ್ವಾ? ವಯಸ್ಸಾದವರಲ್ಲಿ ನೀರು ಕಡಿಮೆಯಾದರೆ ಮೊದಲು ಕಾಣುವುದು ಹೀಗೇ: ಮಂಕು, ಗೊಂದಲ, ಎದ್ದಾಗ ತಲೆ ತಿರುಗಿ ಬೀಳುವುದು, ಮಲಬದ್ಧತೆ, ಮೂತ್ರದ ಸೋಂಕು. ಬಾಯಾರಿಕೆ ಆ ಪಟ್ಟಿಯ ಕೊನೆಯಲ್ಲೂ ಇರದಿರಬಹುದು. ಅಜ್ಜ ಅಜ್ಜಿಯರು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬೇರೆಯಾಗಿ ಕಂಡರೆ, ‘ಪ್ರಾಯ ಆಯಿತು’ ಅಂತ ಬಿಡಬೇಡಿ. ಡಾಕ್ಟರಿಗೆ ತೋರಿಸಿ.

ಮನೆಗೆ ಬಂದ ಮೇಲೆ ನಿಧಾನವಾಗಿ ಇನ್ನೊಂದು ಕಾರಣ ಗೊತ್ತಾಯಿತು. ನಮ್ಮದು ಹಳೇ ಮನೆ. ಪಾಯಿಖಾನೆ ಇದ್ದದ್ದು ಹಿಂದೆ, ಬಚ್ಚಲುಮನೆ ದಾಟಿ, ಹಟ್ಟಿಯ ಹತ್ತಿರ. ಹೋಗಲು ಮುರಕಲ್ಲಿನ ನಾಲ್ಕು ಮೆಟ್ಟಿಲು ಇಳಿಯಬೇಕು. ಮೆಟ್ಟಿಲು ಸವೆದು ಒಂದು ಬದಿಗೆ ವಾಲಿತ್ತು. ಅತ್ತೆಗೆ ಮೊಣಗಂಟು ನೋವು. ರಾತ್ರಿ ಎದ್ದು ಅಲ್ಲಿಗೆ ಹೋಗುವ ಭಯಕ್ಕೆ ಅವರು ಮಧ್ಯಾಹ್ನದ ಊಟದ ನಂತರ ಚಾ ಒಂದು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳುವ ವಿಷಯ ಅಂತಲೇ ಅವರಿಗೆ ಅನಿಸಿರಲಿಲ್ಲ.

ಹಾಗಾಗಿ ನಾವು ಮೊದಲು ಮಾಡಿಸಿದ ಕೆಲಸ ನೀರಿಗೆ ಸಂಬಂಧಿಸಿದ್ದೇ ಅಲ್ಲ. ಅವರ ಕೋಣೆಗೆ ತಾಗಿದ ಸಣ್ಣ ಉಗ್ರಾಣವನ್ನು ಕಕ್ಕಸು ಮಾಡಿದೆವು. ಕಮೋಡು, ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ರಾಡು, ರಾತ್ರಿ ಉರಿಯುವ ಸಣ್ಣ ಬಲ್ಬು. ಕುಡಿಯುವ ಹೊತ್ತನ್ನೂ ಹಿಂದೆ ತಂದೆವು: ದಿನದ ಬಹುಪಾಲು ನೀರು ಸಂಜೆ ಆರರ ಒಳಗೆ. ರಾತ್ರಿ ಏಳುವುದು ಕಡಿಮೆಯಾಯಿತು. ಆಮೇಲೆ ‘ನೀರು ಕುಡಿಯಿರಿ’ ಎಂಬ ಮಾತಿಗೆ ಅತ್ತೆಯ ಮನಸ್ಸಿನಲ್ಲಿ ಜಾಗ ಸಿಕ್ಕಿತು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಉಂಟು. ನೀರು ಕುಡಿಯದ ಹೆಂಗಸರ ಹತ್ತಿರ ಯಾಕೆ ಅಂತ ಕೇಳಿ ನೋಡಿ. ಹತ್ತರಲ್ಲಿ ಹಲವರು ಹೇಳುವುದು ದಾರಿಯ ಕತೆ. ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸು. ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ. ನಡುವೆ ಎಲ್ಲಿ ಇಳಿಯುವುದು? ಅದಕ್ಕೇ ಹೊರಡುವ ಮೊದಲೇ ನೀರು ನಿಲ್ಲಿಸುತ್ತಾರೆ. ಮನೆಯಲ್ಲಿ ಬೀಡಿ ಕಟ್ಟುವವರು ಎದ್ದರೆ ಲೆಕ್ಕ ತಪ್ಪುತ್ತದೆ ಅಂತ ಏಳುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವ ಹುಡುಗಿಯರದ್ದೂ ಅದೇ. ಕೋಯಿಕ್ಕೋಡಿನಲ್ಲಿ ಪಿ. ವಿಜಿ ಮತ್ತು ‘ಪೆಣ್‌ಕೂಟ್ಟ್’ ಸಂಘಟನೆಯ ಹೆಂಗಸರು ಹೋರಾಟ ಶುರು ಮಾಡಿದ್ದೇ ಅಂಗಡಿ ಕೆಲಸದವರಿಗೆ ಶೌಚಾಲಯ ಬೇಕು ಅಂತ. ಅದು ಬೆಳೆದು, 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ಕೊಟ್ಟಿತು. ವರ್ಷಗಟ್ಟಲೆ ಬೇಕೆಂದೇ ಬಾಯಾರಿಕೆಯನ್ನು ತಡೆದುಕೊಂಡವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಅವರ ಹತ್ತಿರ ನೀರಿನ ಮಹತ್ವ ಹೇಳುವ ಮೊದಲು ಬಾಗಿಲಿಗೆ ಚಿಲಕ ಇರುವ ಒಂದು ಶುಚಿಯಾದ ಕೋಣೆ ತೋರಿಸಬೇಕು.

ಮತ್ತೆ ಅತ್ತೆಯ ವಿಷಯಕ್ಕೆ ಬರುತ್ತೇನೆ. ‘ಅತ್ತೆ, ನೀರು ಬೇಕಾ?’ ಅಂತ ಕೇಳಿದರೆ ಉತ್ತರ ಯಾವಾಗಲೂ ‘ಬೇಡ’. ಆ ಪ್ರಶ್ನೆ ಹೋಗುವುದೇ ಬಾಯಾರಿಕೆಯ ಹತ್ತಿರ. ಅಲ್ಲಿ ಉತ್ತರ ಸಿದ್ಧ ಇರುತ್ತದೆ. ಈಗ ಕೇಳುವುದಿಲ್ಲ. ತಂದು ಕೈಯಲ್ಲಿ ಕೊಡುತ್ತೇವೆ. ಮಗ ಶಾಲೆಯಿಂದ ಬಂದವನು ಎರಡು ಲೋಟ ಹಿಡಿದುಕೊಂಡು ಅಜ್ಜಿಯ ಪಕ್ಕ ಕೂರುತ್ತಾನೆ. ಒಂದು ಅವನಿಗೆ, ಒಂದು ಅವರಿಗೆ. ಮಾತಾಡುತ್ತ ಮಾತಾಡುತ್ತ ಲೋಟ ಖಾಲಿಯಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ಲೋಟ ಬಿಸಿನೀರು, ಮಾತ್ರೆಯ ಜೊತೆ ಅರ್ಧ ಗುಟುಕಿನ ಬದಲು ಲೋಟ ತುಂಬ, ಹತ್ತೂವರೆಗೆ ಉಪ್ಪು ತೀರಾ ಕಮ್ಮಿ ಹಾಕಿದ ನೀರು ಮಜ್ಜಿಗೆ. ಕಿಟಕಿಯಲ್ಲಿ ಒಂದು ಲೀಟರಿನ ಸ್ಟೀಲ್ ಚೆಂಬು ಇಡುತ್ತೇವೆ. ನಾಲ್ಕು ಗಂಟೆಗೆ ಎತ್ತಿ ನೋಡಿದರೆ ಭಾರದಲ್ಲೇ ಗೊತ್ತಾಗುತ್ತದೆ ಎಷ್ಟು ಕುಡಿದಿದ್ದಾರೆ ಅಂತ. ನನಗೂ ಅದೇ ಕ್ರಮ ಒಗ್ಗಿದೆ. ಫೋನಿನಲ್ಲಿ ಅಲಾರಂ ಇಡುವುದಕ್ಕಿಂತ, ದಿನವೂ ತಪ್ಪದೆ ಮಾಡುವ ಕೆಲಸಕ್ಕೆ ಒಂದು ಲೋಟ ನೀರನ್ನು ಗಂಟು ಹಾಕುವುದು ಸುಲಭ. ಅಲಾರಂ ಆಫ್ ಮಾಡಬಹುದು. ಮುಖ ತೊಳೆಯುವುದನ್ನು, ಊಟಕ್ಕೆ ಕೂರುವುದನ್ನು ಬಿಡಲಾಗುವುದಿಲ್ಲ.

ಇದರಲ್ಲಿ ಹೊಸತು ಏನೂ ಇಲ್ಲ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಜಗಲಿಯಲ್ಲಿ ಕೂತ ಕೂಡಲೇ ಎದುರಿಗೆ ಒಂದು ಚೆಂಬು ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಬರುತ್ತದೆ. ‘ಆಸರಿಂಗೆ ಎಂತ ಆಯೆಕ್ಕು?’ (ಕುಡಿಯಲು ಏನು ಬೇಕು?) ಎಂಬ ಪ್ರಶ್ನೆ ಬರುವುದು ಅದಾದ ಮೇಲೆ. ಬಿಸಿಲಲ್ಲಿ ಗುಡ್ಡೆ ಹತ್ತಿ ಇಳಿದು ಬಂದವರು ಸಂಕೋಚದಿಂದ ಬೇಡ ಅನ್ನಬಾರದು ಅಂತ ನೀರು ಮೊದಲು, ಮಾತು ಆಮೇಲೆ. ನೆಂಟರಿಗೆ ಕೊಡುವ ಈ ಮರ್ಯಾದೆ ಮನೆಯ ಮೂಲೆಯಲ್ಲಿ ಕೂತ ಹಿರಿಯರಿಗೂ ದಿನಕ್ಕೆ ನಾಲ್ಕೈದು ಸಲ ಸಿಗಬೇಕು ಅಂತ ನನ್ನ ಆಸೆ.

ಎಷ್ಟು ಕುಡಿಯಬೇಕು? ದಿನಕ್ಕೆ ಎಂಟು ಲೋಟ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. 2002ರಲ್ಲಿ ಅಮೆರಿಕದ ಡಾರ್ಟ್‌ಮತ್ ವೈದ್ಯಕೀಯ ಕಾಲೇಜಿನ ಹೈನ್ಸ್ ವಾಲ್ಟಿನ್ ಈ ಲೆಕ್ಕದ ಮೂಲ ಹುಡುಕಿದರು. ಅವರು ಕಿಡ್ನಿಯ ಬಗ್ಗೆಯೇ ಜೀವನವಿಡೀ ಕೆಲಸ ಮಾಡಿದವರು. ಆರೋಗ್ಯವಂತರೆಲ್ಲ ಎಂಟು ಲೋಟ ಕುಡಿಯಲೇಬೇಕು ಅನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. 1945ರಲ್ಲಿ ಅಲ್ಲಿಯ ಆಹಾರ ಮಂಡಳಿಯೊಂದು ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂದಿತ್ತು. ಅದರಲ್ಲಿ ಹೆಚ್ಚಿನದು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಸೇರಿಸಿತ್ತು. ಆ ಎರಡನೇ ಮಾತನ್ನು ಜನ ಮರೆತಿರಬೇಕು ಅಂತ ವಾಲ್ಟಿನ್ ಊಹಿಸಿದರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಹೇಳಿದ ಲೆಕ್ಕ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಅದೂ ಆಹಾರದ ನೀರು, ಚಾ, ಹಾಲು ಎಲ್ಲ ಸೇರಿ, ಹದವಾದ ಹವೆಗೆ. ನಮ್ಮ ಕರಾವಳಿಯ ಸೆಕೆಗೆ ಇದಕ್ಕಿಂತ ಜಾಸ್ತಿ ಬೇಕು. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ನೆ ಹರಿದು ಹೋಗುತ್ತದೆ. ಮೈ ತಂಪಾಗುವುದಿಲ್ಲ, ನೀರು ಮಾತ್ರ ಖರ್ಚು. ಅಡಿಕೆ ತೋಟದಲ್ಲಿ ಕೆಲಸ ಮಾಡುವವರ ಬೆನ್ನು ನೋಡಿದರೆ ಇದು ಯಾರೂ ವಿವರಿಸದೆಯೂ ಅರ್ಥವಾಗುತ್ತದೆ.

ಆಹಾರದ ನೀರು ಎಂಬ ಮಾತು ನನಗೆ ತುಂಬ ಮುಖ್ಯ ಅನಿಸುತ್ತದೆ. ಅತ್ತೆಯ ಹರೆಯದಲ್ಲಿ ಅವರಿಗೂ ಬಾಯಾರಿಕೆ ಕಡಿಮೆಯೇ ಇತ್ತಂತೆ. ಆದರೆ ಮಧ್ಯಾಹ್ನ, ರಾತ್ರಿ ಕುಚ್ಚಲಕ್ಕಿ ಗಂಜಿ. ತಿಳಿಯಲ್ಲಿ ತೇಲುವ ಅಗುಳು, ಜೊತೆಗೆ ಉಪ್ಪಿನಕಾಯಿಯೋ ಚಟ್ನಿಯೋ. ಬೇಸಿಗೆಯಲ್ಲಿ ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ, ಕೊನೆಗೆ ಮಜ್ಜಿಗೆ. ಲೋಟ ಎತ್ತದೆಯೇ ಅರ್ಧ ಲೀಟರಿಗಿಂತ ಹೆಚ್ಚು ನೀರು ಊಟದಲ್ಲೇ ಒಳಗೆ ಹೋಗುತ್ತಿತ್ತು. ಬೇಯಿಸಿದ ಅನ್ನದಲ್ಲಿ ಸುಮಾರು 70% ನೀರು, ಗಂಜಿಯಲ್ಲಿ ಇನ್ನೂ ಜಾಸ್ತಿ. ಮುಳ್ಳುಸೌತೆಯಲ್ಲಿ 95%, ಬಚ್ಚಂಗಾಯಿಯಲ್ಲಿ (ಕಲ್ಲಂಗಡಿ) 90ರ ಮೇಲೆ. ಈಗ ರಾತ್ರಿ ಚಪಾತಿ, ನಡುವೆ ಬೇಕರಿಯ ಪಫ್ಸು, ರಸ್ಕು, ಚಿಪ್ಸು. ಒಣ ತಿಂಡಿ ಬಂತು, ಉಪ್ಪು ಹೆಚ್ಚಾಯಿತು, ತಿಳಿ ಹೋಯಿತು. ಕುಡಿಯುವ ನೀರು ಮಾತ್ರ ಅಷ್ಟೇ ಉಳಿಯಿತು. ಬಾಯಾರಿಕೆ ಇಲ್ಲದವರಿಗೆ ಈ ಬದಲಾವಣೆಯ ಪೆಟ್ಟು ಜೋರು. ನಮ್ಮ ಮನೆಯಲ್ಲಿ ರಾತ್ರಿಗೆ ಗಂಜಿ ವಾಪಸು ಬಂದಿದೆ. ನೀರು ಕುಡಿಯಲು ಬೇಸರ ಅನ್ನುವವರಿಗೆ ನಾನು ಹೇಳುವ ಮೊದಲ ಮಾತು ಇದು: ಸಾರು, ಗಂಜಿ, ತಂಬುಳಿ ಹೆಚ್ಚು ಮಾಡಿ.

ರುಚಿಯೂ ಬೇಕು. ಬಾಯಾರಿದವರಿಗೆ ಯಾವ ನೀರೂ ಅಮೃತ. ಬಾಯಾರದವರಿಗೆ ಸಪ್ಪೆ ನೀರು ಇಳಿಯುವುದಿಲ್ಲ. ಚಂದ್ರಗಿರಿ ಹೊಳೆಯ ಬಾವಿಕ್ಕರೆಯಲ್ಲಿ ಉಪ್ಪು ನೀರು ತಡೆಯುವ ರೆಗ್ಯುಲೇಟರ್ ಆಗುವ ಮೊದಲು ಬೇಸಿಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿಗಳಲ್ಲಿ ಉಪ್ಪು ನೀರು ಬರುತ್ತಿತ್ತು. ಅಂಥ ನೀರನ್ನು ಒಂದು ಗುಟುಕಿಗಿಂತ ಹೆಚ್ಚು ಯಾರು ಕುಡಿಯುತ್ತಾರೆ? ಬಾಯಾರು, ಪಡ್ರೆ ಎಂಬ ಊರುಗಳ ಕಡೆಯ ಸುರಂಗದ ನೀರು ಕುಡಿದವರಿಗೆ ಈ ವ್ಯತ್ಯಾಸ ಗೊತ್ತು. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಪಂಪು ಇಲ್ಲದೆ ತಾನಾಗಿ ಹರಿದು ಬರುವ ತಣ್ಣಗಿನ ನೀರು ಅದು. ಕೇರಳದ ಹೋಟೆಲುಗಳಲ್ಲಿ ಕೊಡುವ ಕೆಂಪು ಬಿಸಿನೀರೂ ನನಗೆ ಇಷ್ಟ. ಪದಿಮುಖಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು. ಮನೆಯಲ್ಲಿ ಜೀರಿಗೆ ಹಾಕಿ ಕುದಿಸುತ್ತೇವೆ. ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು, ಸಕ್ಕರೆ ಕಮ್ಮಿ. ಚಾ, ಕಾಫಿಯೂ ನೀರಿನ ಲೆಕ್ಕಕ್ಕೆ ಸೇರುತ್ತದೆ. ಮಿತಿಯಲ್ಲಿ ಕುಡಿದರೆ ಅದು ದೇಹವನ್ನು ಒಣಗಿಸುವುದಿಲ್ಲ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಸಾಕಷ್ಟು ಆಯಿತಾ ಅಂತ ತಿಳಿಯಲು ಮೂತ್ರ ನೋಡುವುದೇ ದಾರಿ. ತಿಳಿ ಹಳದಿ ಇದ್ದರೆ ಒಳ್ಳೆಯದು. ಕಡು ಹಳದಿ, ಕಂದು ಅಂದರೆ ಸಾಲದು. ಬೆಳಿಗ್ಗಿನ ಮೊದಲ ಮೂತ್ರ ಎಲ್ಲರದ್ದೂ ದಪ್ಪ ಬಣ್ಣವೇ, ಮಧ್ಯಾಹ್ನದ್ದು ನೋಡಿ. ಬಿ ವಿಟಮಿನ್ ಮಾತ್ರೆ ತಿಂದರೂ ಹಳದಿಯಾಗುತ್ತದೆ. ವಯಸ್ಸಾದವರಲ್ಲಿ ಬಣ್ಣ ಒಂದನ್ನೇ ನಂಬಬಾರದು. ಕಿಡ್ನಿ ಕಲ್ಲು ಒಮ್ಮೆ ಆದವರಿಗೆ ಲೆಕ್ಕವೇ ಬೇರೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು ಅಂತ ವೈದ್ಯರು ಹೇಳುತ್ತಾರೆ.

ಉಲ್ಟಾ ಕೂಡ ಉಂಟು. ಹೃದಯ ದುರ್ಬಲ ಇರುವವರಿಗೆ, ಕಿಡ್ನಿ ಸೋತವರಿಗೆ, ಸೋಡಿಯಂ ಇಳಿದವರಿಗೆ ಡಾಕ್ಟರು ನೀರು ಕಡಿಮೆ ಮಾಡಲು ಹೇಳಿರುತ್ತಾರೆ. ಅವರಿಗೆ ಈ ಬರಹದ ಯಾವ ಮಾತೂ ಅನ್ವಯಿಸುವುದಿಲ್ಲ. ಆರೋಗ್ಯವಂತರ ಕಿಡ್ನಿ ಕೂಡ ಗಂಟೆಗೆ ಸುಮಾರು ಒಂದು ಲೀಟರಿಗಿಂತ ಹೆಚ್ಚು ಹೊರಹಾಕಲಾರದು. ದಿನವಿಡೀ ಕುಡಿಯದೆ, ರಾತ್ರಿ ನೆನಪಾಗಿ ಮೂರು ಲೀಟರ್ ಒಮ್ಮೆಲೇ ಕುಡಿಯುವುದು ಅಪಾಯ. ವಾಂತಿ ಭೇದಿ ಆದಾಗ ಬರೇ ನೀರು ಸಾಲದು, ಒಆರ್‌ಎಸ್ ಬೇಕು. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರು. ಮಕ್ಕಳು ಆಟದಲ್ಲಿ ಮುಳುಗಿದರೆ ನೀರು ಮರೆಯುತ್ತಾರೆ. ಮನೆಯಿಂದ ತಂದ ಬಾಟಲಿ ಸಂಜೆ ಹಾಗೇ ತುಂಬಿ ವಾಪಸು ಹೋಗುತ್ತದೆ. 2019ರಲ್ಲಿ ಕೇರಳದ ಕೆಲವು ಶಾಲೆಗಳು ನೀರು ಕುಡಿಯಲೆಂದೇ ಗಂಟೆ ಬಾರಿಸಲು ಶುರು ಮಾಡಿದವು. ಸುದ್ದಿ ಹಬ್ಬಿ ಕರ್ನಾಟಕದಲ್ಲೂ ‘ವಾಟರ್ ಬೆಲ್’ ಬಂತು. 2024ರ ಫೆಬ್ರವರಿಯಲ್ಲಿ ಬಿಸಿಲು ಜೋರಾದಾಗ ಕೇರಳ ಸರಕಾರವೇ ರಾಜ್ಯದ ಶಾಲೆಗಳಲ್ಲಿ ಬೆಳಿಗ್ಗೆ 10.30ಕ್ಕೆ, ಮಧ್ಯಾಹ್ನ 2.30ಕ್ಕೆ ಐದೈದು ನಿಮಿಷದ ಈ ಬೆಲ್ ತಂದಿತು. ನನಗೆ ಇದು ಬಹಳ ಮೆಚ್ಚುಗೆಯಾಯಿತು. ಬಾಯಾರಿಕೆಯನ್ನು ಯಾರೂ ಕೇಳುವುದಿಲ್ಲ. ಗಂಟೆ ಹೊಡೆಯುತ್ತದೆ, ಇಡೀ ತರಗತಿ ಬಾಟಲಿ ಎತ್ತುತ್ತದೆ, ಟೀಚರೂ ಎತ್ತುತ್ತಾರೆ. ಎಲ್ಲರೂ ಕುಡಿಯುವಾಗ ಒಬ್ಬರೇ ಸುಮ್ಮನೆ ಕೂರುವುದು ಕಷ್ಟ. ಆದರೆ ಬೆಲ್ಲಿನ ನಂತರ ಹುಡುಗಿಯರು ಸಾಲಾಗಿ ಶೌಚಾಲಯಕ್ಕೆ ಹೋಗುತ್ತಾರೆ. ಅಲ್ಲಿ ನೀರು ಇಲ್ಲದಿದ್ದರೆ ಮರುದಿನ ಅವರು ಬಾಟಲಿಯನ್ನು ತುಟಿಗೆ ತಾಗಿಸಿ ಇಳಿಸುತ್ತಾರೆ, ಕುಡಿಯುವುದಿಲ್ಲ. ಹತ್ತಿರ ನಿಂತು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಬೇಸಿಗೆಯಲ್ಲಾದರೆ ಎಲ್ಲರಿಗೂ ನೀರಿನ ನೆನಪು ಇರುತ್ತದೆ. ನನಗೆ ಚಿಂತೆ ಇರುವುದು ಜೂನ್, ಜುಲೈಯದ್ದು. ಹೊರಗೆ ಧೋ ಅಂತ ಮಳೆ, ಒಳಗೆ ತಂಪು. ಬಾಯಾರಿಕೆ ಇದ್ದವರಿಗೂ ಆಗ ಅದು ಕಡಿಮೆಯಾಗುತ್ತದೆ. ಅತ್ತೆಗೆ ಆಗ ಕೊತ್ತಂಬರಿ ಜೀರಿಗೆ ಕಷಾಯವೇ ಗತಿ. ತಣ್ಣೀರು ಮುಟ್ಟದವರು ಬಿಸಿ ಕಷಾಯ ಎರಡು ಲೋಟ ಕುಡಿಯುತ್ತಾರೆ. ಶಾಲೆಯಲ್ಲೂ ಮಳೆ ಶುರುವಾದ ಮೇಲೆ ವಾಟರ್ ಬೆಲ್ ನಿಲ್ಲಿಸಬಾರದು ಅಂತ ಸ್ಟಾಫ್ ಮೀಟಿಂಗಿನಲ್ಲಿ ಹೇಳಿದ್ದೇನೆ. ಮುಂದಿನ ಪಿಟಿಎ ಸಭೆಯಲ್ಲಿ ಹೆತ್ತವರಿಗೂ ಹೇಳಲಿಕ್ಕುಂಟು, ಹುಡುಗಿಯರ ಶೌಚಾಲಯಕ್ಕೆ ಬೇರೆಯೇ ಒಂದು ಟ್ಯಾಂಕಿ ಇಡಿಸುವ ವಿಷಯದ ಜೊತೆಗೆ.